ಮೇಣ ತುಂಬಿದ ಹಿಮ್ಮಡಿ

ಚಳಿಗಾಲದಲ್ಲಿ ಒಡೆದ ಕಾಲಿಗೆ ಏನು ಹಚ್ಚಬೇಕು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಚ್ಚುವುದು ಆಮೇಲಿನ ಮಾತು. ಕಾಲು ಒಡೆಯುವ ಹಾಗೆ ಮಾಡಿದವರು ಯಾರು, ಅದನ್ನು ಮೊದಲು ಕೇಳಬೇಕು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಮ್ಮೂರು ಯಲಹಂಕ ದಾಟಿದ ಮೇಲೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿತ್ತು. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ನಾನು, ಕೊಟ್ಟಿಗೆಯಲ್ಲಿ ಹಸುಗಳು. ದೀಪಾವಳಿ ಕಳೆಯುತ್ತಿದ್ದ ಹಾಗೇ ಬೆಳಗಿನ ಹೊತ್ತು ಕೆರೆ ಕಡೆಯಿಂದ ಮಂಜು ಎದ್ದು ಎದುರು ಮನೆ ಕಾಣುತ್ತಿರಲಿಲ್ಲ. ಸೀಸೆಯೊಳಗಿನ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ಕಡ್ಡಿ ಹಾಕಿ ಕೆದಕಬೇಕಾಗುತ್ತಿತ್ತು. ಆ ಚಳಿಯಲ್ಲಿ ಅವ್ವ ಮತ್ತು ನಾನು ಬರಿಗಾಲಲ್ಲಿ ಸಗಣಿ ಬಾಚಿ, ಕೊಟ್ಟಿಗೆ ತೊಳೆದು, ಅಂಗಳಕ್ಕೆ ನೀರು ಹಾಕುತ್ತಿದ್ದೆವು. ನೆನೆದ ಕಾಲು ಗಾಳಿಗೆ ಒಣಗುತ್ತಿತ್ತು, ಒಣಗಿದ್ದು ಮತ್ತೆ ನೆನೆಯುತ್ತಿತ್ತು. ಕಾರ್ತೀಕ ಮುಗಿಯುವ ಹೊತ್ತಿಗೆ ಹಿಮ್ಮಡಿ ಸೀಳಿ, ಹೆಜ್ಜೆ ಊರಿದರೆ ರಕ್ತ ಜಿನುಗುತ್ತಿತ್ತು. ಕೈ, ಮೊಣಕಾಲ ಕೆಳಗೆ ಎಲ್ಲ ಒಣಗಿ ಒರಟಾಗುತ್ತಿದ್ದವು. ಉಗುರು ತಾಗಿದರೆ ಬಿಳಿ ಗೆರೆ ಏಳುತ್ತಿತ್ತು. ಆದರೆ ಅವು ನೋಯುತ್ತಿರಲಿಲ್ಲ. ಹಿಮ್ಮಡಿ ಮಾತ್ರ ಜೀವ ಹಿಂಡುತ್ತಿತ್ತು.

ಒಂದು ದಿನ ತಡೆಯಲಾರದೆ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಕೊಟ್ಟಿಗೆಗೆ ಹೋದೆ. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಅಪ್ಪ ಬೇವಿನ ಕಡ್ಡಿ ಉಗಿದು ಕೂಗಿದ.

“ಏಯ್, ಎಕ್ಕಡ ಬಿಡು ಅಲ್ಲೇ! ಲಕ್ಷ್ಮಿ ಇರೋ ಜಾಗ ಅದು. ಎಣ್ಮಕ್ಳು ಎಕ್ಕಡ ಮೆಟ್ಕೊಂಡು ಕೊಟ್ಟಿಗೇಗೆ ಓಗ್ತಾರಾ?”

ಅಪ್ಪ ದಿನವೂ ಅದೇ ಚಪ್ಪಲಿಯಲ್ಲಿ ಕೊಟ್ಟಿಗೆಗೆ ಬಂದು ಹಾಲಿನ ಕ್ಯಾನು ಎತ್ತಿಕೊಂಡು ಹೋಗುತ್ತಿದ್ದ. ಆಗ ಲಕ್ಷ್ಮಿಗೆ ಏನೂ ಅನ್ನಿಸುತ್ತಿರಲಿಲ್ಲವಂತೆ. ಲಕ್ಷ್ಮಿಗೂ ಗಂಡಸರ ಮುಲಾಜು ಇತ್ತೇನೋ!

ಅಣ್ಣ ಯಶವಂತಪುರದ ಕಡೆ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ. ಬಸ್ಸಿನ ಗಾಳಿಗೆ ಮುಖ ಬಿರಿಯುತ್ತದೆಂದು ಅವನಿಗೊಂದು ಸ್ನೋ ಬಾಟಲಿ ಬಂದಿತ್ತು. ಕನ್ನಡಿಯ ಮುಂದೆ ನಿಂತು, ಮದುವಣಿಗನ ಹಾಗೆ ಹಚ್ಚಿಕೊಳ್ಳುವನು. ನಾನೊಮ್ಮೆ ಬೆರಳದ್ದಿ ಹಿಮ್ಮಡಿಗೆ ಸವರಿಕೊಂಡೆ. “ಮುಖಕ್ಕೆ ಆಕೋದನ್ನ ಕಾಲಿಗೆ ಆಕ್ತೀಯಲ್ಲೇ, ಬುದ್ಧಿ ಐತಾ?” ಎಂದು ಬಾಟಲಿಯನ್ನು ತನ್ನ ಟ್ರಂಕಿನೊಳಗೆ ಇಟ್ಟು ಬೀಗ ಹಾಕಿಕೊಂಡ.

ಹೀಗಿರುವಾಗ ರಾಜಾನುಕುಂಟೆಯ ಆಚೆಯ ಒಂದು ಊರಿನಿಂದ ನನ್ನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಹುಡುಗನಿಗೆ ಜಮೀನಿತ್ತು, ರಾಸುಗಳಿದ್ದವು. ಧನುರ್ಮಾಸ ಹಿಡಿಯುವ ಮುಂಚೆ ಮಾತು ಮುಗಿಯಲಿ ಎಂದು ಅಪ್ಪನಿಗೆ ಅವಸರ. ಸುದ್ದಿ ಕೇಳಿ ಬಂದ ಸೋದರತ್ತೆ ನನ್ನ ಕಾಲು ನೋಡಿ ಬಾಯಿ ಬಡಿದುಕೊಂಡಳು.

“ಅಯ್ಯಯ್ಯೋ, ಈ ಇಮ್ಮಡಿ ನೋಡುದ್ರೆ ಯಾರ್ ಒಪ್ತಾರೆ? ಆ ಮನೆ ಮುದುಕಿ ಬಲೇ ಘಾಟಿ. ಎಣ್ಣಿನ ಕಾಲ್ ನೋಡ್ದೆ ತಾಂಬೂಲ ಮುಟ್ಟಾಕಿಲ್ಲ.”

ಅಲ್ಲಿಗೆ ಮನೆಯವರಿಗೆಲ್ಲ ನನಗೂ ಹಿಮ್ಮಡಿ ಇದೆ ಎಂದು ಗೊತ್ತಾಯಿತು. ರಕ್ತ ಸುರಿದಾಗ ಯಾರ ಕಣ್ಣಿಗೂ ಬೀಳದ ಸೀಳು, ಬೇರೆಯವರು ನೋಡುತ್ತಾರೆ ಎಂದಾಗ ಕಂಡಿತು. ಅವ್ವನಿಗೆ ಮದ್ದು ಗೊತ್ತಿತ್ತು. ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲು ನೆನೆಸಿ, ಸತ್ತ ಚರ್ಮ ಉಜ್ಜಿ ತೆಗೆದು, ಕೊಬ್ಬರಿ ಎಣ್ಣೆಯಲ್ಲಿ ಮೇಣದಬತ್ತಿ ಕರಗಿಸಿ, ಬೆಚ್ಚಗಿರುವಾಗಲೇ ಸೀಳಿಗೆ ಬಿಟ್ಟು ಬಟ್ಟೆ ಕಟ್ಟಬೇಕು. ಆಮೇಲೆ ಒಂದು ವಾರ ಕಾಲಿಗೆ ಕೊಟ್ಟಿಗೆಯ ನೀರು ತಾಗಬಾರದು.

“ಒಂದ್ ವಾರ ಕೊಟ್ಟಿಗೆ ಯಾರು ತೊಳೀತಾರೆ? ನಿಮ್ಮಪ್ಪ ಬರ್ತಾನಾ?” ಎಂದು ಅಪ್ಪ ಅವ್ವನನ್ನು ಕೇಳಿದ. ಮದ್ದಿನ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಮುಚ್ಚಿಡುವ ಉಪಾಯ. ಅವರು ಬರುವ ದಿನ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿಯೇ ಬಂದು ಕೂತೆ. ಸೋದರತ್ತೆ ಸೌಟಿನಲ್ಲಿ ಮೇಣ ಕರಗಿಸಿ, ಗೋಡೆಯ ಬಿರುಕಿಗೆ ಗಾರೆ ತುಂಬುವ ಹಾಗೆ ನನ್ನ ಹಿಮ್ಮಡಿಗೆ ತುಂಬಿ, ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿದಳು. ಮೇಲೆ ದಪ್ಪಗೆ ಅರಿಶಿನ ಬಳಿದಳು. ಒಳಗೆ ಗಾಯ ಹಾಗೇ ಚುರುಗುಟ್ಟುತ್ತಿತ್ತು.

ಮಧ್ಯಾಹ್ನ ಬಂದರು. ಹುಡುಗ, ಅವನ ಚಿಕ್ಕಪ್ಪ, ಅಜ್ಜಿ, ತಾಯಿ. ಗಂಡಸರು ಬೆಂಚಿನ ಮೇಲೆ, ಅಜ್ಜಿ ಚಾಪೆಯ ನಡುವೆ. ಹುಡುಗನ ತಾಯಿ ಗೋಡೆ ಬದಿಗೆ ಕಾಲು ಮಡಚಿ, ಸೀರೆಯೊಳಗೆ ಮುದುರಿ ಕೂತಿದ್ದಳು. ಬಂದಾಗಿನಿಂದ ಆಕೆಯನ್ನು ಯಾರೂ ಮಾತಾಡಿಸಿರಲಿಲ್ಲ.

ಕಾಫಿ ಕೊಟ್ಟು ನಮಸ್ಕಾರ ಮಾಡಿದೆ. ಅಜ್ಜಿ ನನ್ನನ್ನು ಎದುರಿಗೆ ಕೂರಿಸಿಕೊಂಡಿತು. “ಕಾಲ್ ನೀಡವ್ವ” ಎಂದು, ಸಂತೆಯಲ್ಲಿ ಹಸುವಿನ ಬಾಯಿ ತೆರೆದು ಹಲ್ಲು ನೋಡುವವರ ಹಾಗೆ ನನ್ನ ಪಾದ ಹಿಡಿದು ತಿರುಗಿಸಿ, ಹೆಬ್ಬೆರಳ ಉಗುರಿನಿಂದ ಹಿಮ್ಮಡಿ ಕೆರೆಯಿತು. ಅರಿಶಿನದ ಸಮೇತ ಮೇಣದ ತುಂಡೊಂದು ಎದ್ದು ಚಾಪೆಯ ಮೇಲೆ ಬಿತ್ತು. ಸೋದರತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನ ಮುಖ ಕಪ್ಪಿಟ್ಟಿತು.

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಿತು.

“ಯಾಕ್ರವ್ವ ಮುಚ್ಚಿಡ್ತೀರಾ? ಇದು ಗೇಯೋ ಕಾಲು. ನಮ್ಮಟ್ಟಿ ತುಂಬಾ ರಾಸು ಅವೆ. ನಮ್ಗೆ ಇಂತಾ ಕಾಲೇ ಬೇಕಾಗಿತ್ತು. ಒಪ್ಪಿಗೆ ಕಣಪ್ಪ, ತಾಂಬೂಲ ತರ್ಸು.”

ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಅಪ್ಪ ಮೀಸೆ ತಿರುವಿದ. ನನಗೆ ಕೋಪ ನೆತ್ತಿಗೇರಿತು. ನನ್ನ ರಕ್ತ ಇಳಿದ ಸೀಳು ಇವರಿಗೆ ಗುಣವಂತೆ! ಇಲ್ಲಿ ಸಾಲದೆಂದು ಅಲ್ಲಿಯೂ ಸೀಳಿಕೊಳ್ಳಲಿ ಎಂದು ಒಪ್ಪಿದರಂತೆ!

ತಲೆ ಎತ್ತಿದರೆ ಬೈದುಬಿಡುತ್ತೇನೆ ಎಂದು ನೆಲ ನೋಡುತ್ತಿದ್ದೆ. ಆಗ ಗೋಡೆ ಬದಿಯ ತಾಯಿ ಕಾಲು ಜೋಮು ಹಿಡಿದು ಸರಿಸಿದಳು. ಸೀರೆಯ ಅಂಚು ಹಿಮ್ಮಡಿಯ ಸೀಳಿಗೆ ಸಿಕ್ಕಿಕೊಂಡು ಬರಲಿಲ್ಲ. ಆಕೆ ಅವಸರದಲ್ಲಿ ಎಳೆದಾಗ ಪಾದ ಪೂರ್ತಿ ಹೊರಗೆ ಬಂತು. ಕಪ್ಪಗೆ, ಒರಟಾಗಿ, ಬೆರಳ ತುದಿ ಇಳಿಯುವಷ್ಟು ಆಳದ ಸೀಳುಗಳು. ಒಂದರಲ್ಲಿ ಹಸಿ ರಕ್ತ. ನನ್ನ ಕಣ್ಣು ಅಲ್ಲೇ ನೆಟ್ಟಿದ್ದು ಕಂಡು ಆಕೆ ನಾಚಿಕೊಂಡು, “ನೋಡ್ಬ್ಯಾಡ ಕಣವ್ವ” ಎಂದು ಮೆಲ್ಲಗೆ ಹೇಳಿ ಕಾಲೆಳೆದುಕೊಂಡಳು.

ನಾನು ಹುಡುಗನ ಕಡೆ ತಿರುಗಿದೆ. “ನಿಮ್ಮವ್ವನ ಕಾಲು ನೋಡಿದೀರಾ?”

ಅವನು ಕೆಟ್ಟವನಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಪ್ರಶ್ನೆಯೇ ಅರ್ಥವಾಗದವನ ಹಾಗೆ ನೋಡಿ ಹೇಳಿದ: “ಎಂಗಸ್ರ ಕಾಲು ಇರೋದೇ ಅಂಗಲ್ವಾ?”

“ಹಂಗಾದ್ರೆ ನಾನು ನಿಮ್ಮನೆಗೆ ಬರಾಕಿಲ್ಲ” ಎಂದು ಎದ್ದೆ.

ಅಪ್ಪ ಕೈ ಎತ್ತಿಕೊಂಡು ಬಂದ. ಅವ್ವ ನಡುವೆ ನಿಂತದ್ದರಿಂದ ಏಟು ಅವಳ ಭುಜಕ್ಕೆ ಬಿತ್ತು. ಅಜ್ಜಿ ಶಾಪ ಹಾಕುತ್ತ ಚಿಕ್ಕಪ್ಪನ ಕೈ ಹಿಡಿದು ಹೊರಟಿತು, ಹುಡುಗ ಹಿಂದೆ ಹೋದ. ಅಪ್ಪ ಅವರನ್ನು ಸಮಾಧಾನ ಮಾಡಲು ಬೀದಿಗೆ ಓಡಿದ. ನಾನು ಒಳಗೆ ಹೋಗಿ ಕಿಟಕಿಯ ಬಳಿ ನಿಂತೆ.

ಹುಡುಗನ ತಾಯಿ ಮಾತ್ರ ಹೊಸಿಲ ಹತ್ತಿರ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಆಕೆ ಅವ್ವನ ಕೈ ಹಿಡಿದು, ಬೀದಿಯ ಕಡೆ ಒಂದು ಕಣ್ಣಿಟ್ಟುಕೊಂಡು ಕೇಳಿದಳು.

“ಅಕ್ಕಯ್ಯ, ಆ ಮೇಣ ಎಂಗ್ ಮಾಡೋದು? ನೋವು ನಿಲ್ತದಾ?”

“ನಿಲ್ತದೆ ಕಣವ್ವ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮೇಣದಬತ್ತಿ ಚೂರು ಮಾಡಿ ಆಕು. ಮೊದ್ಲು ಉಪ್ಪುನೀರಲ್ಲಿ ಕಾಲು...”

“ಅವ್ವಾ, ಬಸ್ಸು ಓಯ್ತದೆ! ಬಾ ಬಿರ್ನೆ!” ಎಂದು ಬೀದಿಯಿಂದ ಮಗ ಕೂಗಿದ. ಆಕೆ ಅರ್ಧ ಕೇಳಿಸಿಕೊಂಡೇ, ಕಲ್ಲು ಹಾಸಿದ ದಾರಿಯಲ್ಲಿ ಹಿಮ್ಮಡಿ ಊರದೆ ಮುಂಗಾಲಲ್ಲೇ ಓಡಿದಳು.

ಕಿಟಕಿಯಿಂದ ನೋಡಿದರೆ ಬಸ್ಸು ಬಂದಿರಲೇ ಇಲ್ಲ. ಅದು ಬರುವವರೆಗೂ ಉಳಿದವರೆಲ್ಲ ಮೋರಿ ಕಟ್ಟೆಯ ಮೇಲೆ ಕೂತಿದ್ದರು, ಆಕೆ ನಿಂತೇ ಇದ್ದಳು.