ಒತ್ತಾಯ ಮಾಡದ ಊಟ

ನಮ್ಮ ಕಡೆ ಹೆಂಡತಿಯ ಪ್ರೀತಿಯನ್ನು ಅಳೆಯುವುದು ಊಟದ ಒತ್ತಾಯದಿಂದ. ಗಂಡ ಸಾಕು ಅಂದ ಮೇಲೂ ತಾಟಿಗೆ ಇನ್ನೊಂದು ರೊಟ್ಟಿ ಬೀಳಬೇಕು. ಅವನು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಒಂದಿಷ್ಟು ಅನ್ನ ಜಾರಬೇಕು. ನಾನು ಆ ಒತ್ತಾಯವನ್ನೇ ಬಿಟ್ಟವಳು.

ಆದವಾನಿಯ ಆಸ್ಪತ್ರೆಯೊಂದರಲ್ಲಿ ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದು ನನ್ನ ಕೆಲಸ. ನನ್ನ ಯಜಮಾನರು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಮೂಟೆ ಹೊತ್ತವರು. ಬೆನ್ನು ಹಿಡಿದುಕೊಂಡ ಮೇಲೆ ಮಾಲೀಕರು ತೂಕದ ಕಾಟಾದ ಹತ್ತಿರ ಕುರ್ಚಿ ಹಾಕಿ ಕೂರಿಸಿದರು. ಕೆಲಸ ಕುಳಿತುಕೊಂಡಿತು, ಹೊಟ್ಟೆ ಮಾತ್ರ ಇನ್ನೂ ಮೂಟೆ ಹೊರುತ್ತಿತ್ತು. ಬೆಳಿಗ್ಗೆ ಮಂಡಕ್ಕಿಯ ಉಗ್ಗಾಣಿ-ಬಜ್ಜಿ, ಮಧ್ಯಾಹ್ನ ಗುಡ್ಡದಂಥ ಅನ್ನ, ರಾತ್ರಿ ಮತ್ತೆ ಅದೇ. ಸಕ್ಕರೆ ಬಂತು. ಹೃದಯವೂ ಸೋತಿದೆ ಎಂದು ಡಾಕ್ಟರು ಹೇಳಿದರು.

ಊರಿಗೆಲ್ಲ ಹೇಳುವವಳು ಮನೆಯಲ್ಲಿ ಸುಮ್ಮನಿರಲಾದೀತೇ? ಅನ್ನ ಇಳಿಸಿದೆ. ಆ ಜಾಗಕ್ಕೆ ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪು ಹಾಕಿದ ಬೇಳೆ, ಮಜ್ಜಿಗೆ, ಒಂದೇ ಒಂದು ಜೋಳದ ರೊಟ್ಟಿ. ತುತ್ತು ಕಡಿಮೆಯಾಗಲಿ, ತಿಂದ ತುತ್ತು ಮೈಗೆ ಹತ್ತಲಿ ಎಂಬುದು ನನ್ನ ಲೆಕ್ಕ. ಅವರು ತಾಟು ನೋಡಿ, “ಮೇಡಮ್ಮಾರೆ, ಇದು ಊಟನೋ, ಹತ್ತಿ ಸ್ಯಾಂಪಲ್ಲೋ?” ಎನ್ನುತ್ತಿದ್ದರು. ಆದರೂ ನಗುತ್ತಲೇ ಉಣ್ಣುತ್ತಿದ್ದರು. ಸಕ್ಕರೆ ಇಳಿಯಿತು. ಮಿಲ್ಲಿನಿಂದ ನಡೆದು ಬಂದರೂ ಏದುಸಿರು ಬರುತ್ತಿರಲಿಲ್ಲ. ನನಗೆ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಆಲೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆಗೆ ಮಾತ್ರ ಆ ತಾಟು ನೋಡಲಾಗುತ್ತಿರಲಿಲ್ಲ.

“ದುಡದು ಬಂದಾನ. ಇನ್ನೊಂದು ತಗೋ ಅಂತ ಒಂದ್ ಮಾತು ಬರಂಗಿಲ್ಲೇನವ್ವ ನಿನ್ ಬಾಯಾಗ?”

ನನಗೂ ಸಿಟ್ಟು ನೆತ್ತಿಗೇರಿತು. “ನಿಮ್ ಮಗ ನನಗೂ ಬೇಕ್ರಿ, ಅತ್ತಿ” ಎಂದೆ. ಅವರು ಎದ್ದು ಒಳಗೆ ಹೋದರು.

ಆ ಚಳಿಗಾಲ, ಹತ್ತಿ ಸುಗ್ಗಿಯ ನಡುವೆ, ಕಾಟಾದ ಹತ್ತಿರ ಕುಳಿತ ಕುರ್ಚಿಯಲ್ಲೇ ಯಜಮಾನರ ಹೃದಯ ನಿಂತಿತು. ಇಷ್ಟು ದಿನ ಎಳೆದದ್ದೇ ಪಥ್ಯದಿಂದ ಎಂದರು ಡಾಕ್ಟರು. ಅದನ್ನು ನಾನು ಯಾರ ಮುಂದೆ ಹೇಳಿಕೊಳ್ಳಲಿ? ಮಣ್ಣಿಗೆ ಬಂದ ಹೆಂಗಸರು ನನಗೆ ಕೇಳಲೆಂದೇ ಮಾತಾಡಿಕೊಂಡರು: “ಎಷ್ಟು ಸೊರಗಿದ್ದ ನೋಡ್ರಿ. ಆಕಿ ಹೊಟ್ಟಿಗೇ ಹಾಕಲಿಲ್ಲ.” ಎದೆ ಸುಟ್ಟುಹೋಯಿತು. ಒಂದೊಂದು ತುತ್ತನ್ನೂ ಅವರು ಬದುಕಲಿ ಎಂದೇ ಬಡಿಸಿದ್ದೆ.

ಅವರ ತಿಥಿಯ ದಿನ ಫೋಟೋದ ಮುಂದೆ ಎಡೆ ಬಡಿಸಲು ಸೌಟು ಹಿಡಿದೆ. ಅತ್ತೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಬಾಳೆಲೆಯ ಮೇಲೆ ಹೋಳಿಗೆ, ತುಪ್ಪ, ಬಜ್ಜಿ, ಅನ್ನ, ಮತ್ತೆ ಅನ್ನ. ಎಲೆ ತುಂಬಿ ಸಾರು ನೆಲಕ್ಕೆ ಹರಿಯಿತು. ಆಮೇಲೆ ಮಗನ ಫೋಟೋ ನೋಡುತ್ತ ಮೆತ್ತಗೆ ಹೇಳಿದರು:

“ಉಣ್ಣಪ್ಪಾ. ಹೊಟ್ಟಿ ತುಂಬ ಉಣ್ಣು. ಇನ್ನ ಯಾರೂ ನಿನಗ ಬ್ಯಾಡ ಅನ್ನಂಗಿಲ್ಲ.”