ಚೈನಿಲ್ಲದ ಸೈಕಲ್

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಮರೆಯಲ್ಲಿ ಹೇಳಲಿಲ್ಲ. ಗಜೇಂದ್ರಗಡದ ನಮ್ಮ ಮನೆಯಲ್ಲಿ, ಮಗ್ಗದ ಎದುರಿಗೆ, ಅಪ್ಪ ಅವ್ವ ಇಬ್ಬರೂ ಕೇಳುವ ಹಾಗೆ ಹೇಳಿದರು. ನಾನು ಅಲ್ಲೇ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ.

"ನಮ್ಮ ಮನಿತನದಾಗ ಎಸ್ಸೆಸ್ಸೆಲ್ಸಿ ದಾಟಿದ ಗಂಡಸ ಇಲ್ಲ. ಇಕಿ ಇಂಜಿನಿಯರ್ ಆಗ್ತಾಳಂತ. ನಡುವ ಬಿಟ್ಟು ಬರ್ತಾಳ ತಗೋ, ಬೇಕಾದ್ರ ಬರದು ಕೊಡ್ತೇನಿ."

"ಬರದು ಕೊಡಾಕ ನಿನಗ ಬರೀಲಿಕ್ಕೆ ಬರಬೇಕಲ್ಲಣ್ಣ" ಎಂದ ಅಪ್ಪ. ದೊಡ್ಡಪ್ಪ ನಕ್ಕರು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವರನ್ನು ಕೆಟ್ಟವರೆಂದು ನಾನು ಬರೆಯಲಾರೆ. ನಮ್ಮ ಮನೆಯಲ್ಲಿ ದುಡಿಯುವ ಒಂದು ಕೈ ಕಡಿಮೆಯಾಗಿತ್ತು. ನಾನು ಮಗ್ಗಕ್ಕೆ ಕೂಡಬೇಕು ಎನ್ನುವುದು ಅವರ ಲೆಕ್ಕ. ಆ ಕೈ ಕಡಿಮೆಯಾದದ್ದು ಹೇಗೆಂದು ಅವರಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಉಳಿದ ಅರ್ಧ ನನಗೆ ಗೊತ್ತಿತ್ತು.

ಅದು ಆದಾಗ ನಾನು ಆರನೆಯ ತರಗತಿ. ಸೀರೆ ನೇಯುವ ಮನೆಯಲ್ಲಿ ಮಕ್ಕಳಿಗೆ ಮೊದಲು ಬರುವ ಕೆಲಸ ತಿರುಗಿಸುವುದು. ಹೊಸ ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳ, ನೂಲನ್ನು ಮರದ ದಿಂಡಿಗೆ ಸುತ್ತುವಾಗ ನಾನು ಒಂದು ತುದಿಯಲ್ಲಿ ಹಿಡಿಕೆ ತಿರುಗಿಸುತ್ತಿದ್ದೆ. ಅಪ್ಪ ಮುಂದೆ ನಿಂತು, ಓಡುವ ಎಳೆಗಳ ಮೇಲೆ ಎರಡು ಬೆರಳು ಹಗುರವಾಗಿ ಇಟ್ಟು, ಎಲ್ಲಿ ಸಡಿಲ ಎಲ್ಲಿ ಬಿಗಿ ಎಂದು ನೋಡುತ್ತಿದ್ದ. ಕಣ್ಣಿಗೆ ಕಾಣದ್ದು ಅವನ ಬೆರಳಿಗೆ ತಿಳಿಯುತ್ತಿತ್ತು. ನನಗೆ ಇದ್ದದ್ದು ಒಂದೇ ಕಟ್ಟಳೆ. ಅಪ್ಪ ಬೆರಳು ಇಟ್ಟಾಗ ತಿರುಗಿಸುವುದನ್ನು ನಿಲ್ಲಿಸಬಾರದು, ವೇಗ ಹೆಚ್ಚುಕಡಿಮೆ ಮಾಡಬಾರದು. ನಿಂತರೆ ಹಾಸು ಅಲ್ಲಿ ಜಗ್ಗುತ್ತದೆ, ಆ ಗೆರೆ ಸೀರೆಯ ಕೊನೆಯವರೆಗೂ ಕಾಣುತ್ತದೆ. ಎರಡು ಸಲ ನಿಲ್ಲಿಸಿ ತಲೆಗೆ ಮೊಟಕಿಸಿಕೊಂಡಿದ್ದೆ. ಮೂರನೆಯ ಸಲ ನಿಲ್ಲಿಸಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ನೇಯ್ದ ಸೀರೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು, ನೂಲು ಕೊಟ್ಟು ನೇಯಿಸುವ ಮಾಲಕರ ಮನೆಗೆ ಹೊರಟಿದ್ದ. ಚೈನು ಮತ್ತೆ ಮತ್ತೆ ಕಳಚಿ ಬೀಳುತ್ತಿತ್ತು. ಸೀರೆ ಇಳಿಸಿ, ಸೈಕಲ್ಲನ್ನು ಅಂಗಳದಲ್ಲಿ ಬೋರಲು ನಿಲ್ಲಿಸಿ, ಚೈನನ್ನು ಹಲ್ಲಿಗೆ ಕೂಡಿಸಿ, "ತಿರುಗಸು" ಎಂದ. ನಾನು ಕೈಯಿಂದ ಪೆಡಲ್ ತಿರುಗಿಸಿದೆ. ಚೈನು ಓಡತೊಡಗಿತು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಲು ಅಪ್ಪ ಓಡುವ ಚೈನಿನ ಮೇಲೆ ಆ ಎರಡು ಬೆರಳು ಇಟ್ಟ. ಹಾಸಿನ ಮೇಲೆ ಇಡುವ ಹಾಗೆಯೇ ಇಟ್ಟ.

ನಾನು ನಿಲ್ಲಿಸಲಿಲ್ಲ. ಕಲಿಸಿದ ಹಾಗೆ, ಒಂದೇ ಸಮ, ಜೋಪಾನವಾಗಿ ತಿರುಗಿಸಿದೆ. ಚೈನು ಹಲ್ಲಿನ ಮೇಲೆ ಏರುವ ಜಾಗದಲ್ಲಿ ಬಲಗೈಯ ಎರಡು ಬೆರಳೂ ಮೊದಲ ಗೆಣ್ಣಿನವರೆಗೆ ತುಂಡಾದವು. ಅಪ್ಪ ಕೂಗಲಿಲ್ಲ. ಗಂಟಲಲ್ಲಿ ಒಂದು ಸಣ್ಣ ಸಪ್ಪಳ ಬಂತು, ಅಷ್ಟೆ. ಅದಾದ ಮೇಲೂ ನನ್ನ ಕೈ ಅರ್ಧ ಸುತ್ತು ತಿರುಗಿಸಿತು.

ದವಾಖಾನೆಯಲ್ಲಿ ಕೇಳಿದವರಿಗೆಲ್ಲ ಅಪ್ಪ ಒಂದೇ ಮಾತು ಹೇಳಿದ. "ಒಂದ ಕೈಲೆ ಪೆಡಲ್ ತಿರುಗಸ್ತಿದ್ದೆ, ಇನ್ನೊಂದ ಕೈ ಚೈನಿಗೆ ಸಿಕ್ಕೊಂತು." ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೆರಳ ತುದಿ ಹೋದ ನೇಕಾರ ಅರ್ಧ ನೇಕಾರನೂ ಅಲ್ಲ. ಒಂದು ಹಾಸು ಮುಗಿದರೆ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ, ಬೂದಿ ಹಚ್ಚಿದ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಕೂಡಿಸಬೇಕು. ಅಪ್ಪನ ಹೆಬ್ಬೆರಳಿಗೆ ಜೊತೆ ಇರಲಿಲ್ಲ. ಗಾಯ ಮಾಯ್ದ ಮೇಲೆ ಒಂದು ದಿನ ಕೂತು ನೋಡಿದ. ಸಂಜೆಯವರೆಗೆ ಕೂಡಿಸಿದ ಎಳೆಗಳು ಒಂದು ಸಲ ಜಗ್ಗಿದ್ದಕ್ಕೇ ಬಿಟ್ಟುಕೊಂಡವು. ಮರುದಿನ ಅವ್ವ ಒಲೆ ಆರಿಸಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಲು ಕೂತಳು. ಅಪ್ಪ ರೋಣದ ಮಾರುಕಟ್ಟೆಗೆ ಕಡಲೆ ಚೀಲ ಹೊರಲು ಹೋದ.

ನನ್ನ ಓದಿನ ಕಥೆ ಉದ್ದ ಮಾಡುವುದಿಲ್ಲ. ರೋಣದಲ್ಲಿ ಪಿಯುಸಿ, ಮೊದಲ ಬಸ್ಸು, ನಿಂತುಕೊಂಡೇ ಪ್ರಯಾಣ. ಆಮೇಲೆ ಗದಗಿನಲ್ಲಿ ಇಂಜಿನಿಯರಿಂಗ್. ಮೊದಲ ಸೆಮಿಸ್ಟರಿನಲ್ಲಿ ಗಣಿತ ಹೋಯಿತು, ಎರಡನೆಯ ಸಲ ಬರೆದು ಪಾಸಾದೆ. ಮೆಕ್ಯಾನಿಕಲ್ ವರ್ಗದಲ್ಲಿ ನಾವು ಹುಡುಗಿಯರು ನಾಲ್ವರು. ವರ್ಕ್‌ಶಾಪಿನಲ್ಲಿ ಯಾರಾದರೂ "ನೀ ತಿರುಗಸು" ಎಂದರೆ ನಾನು ಹಿಂದೆ ಸರಿಯುತ್ತಿದ್ದೆ. ಉಳಿದ ಎಲ್ಲ ಕೆಲಸ ಮಾಡಿದೆ. ಈ ಡಿಗ್ರಿ ನನಗೆ ಯಾರೂ ಕರುಣೆಯಿಂದ ಕೊಟ್ಟದ್ದಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಕೊನೆಯ ವರ್ಷ ಪ್ರಾಜೆಕ್ಟ್ ಮಾಡಬೇಕಿತ್ತು. ಗ್ರಂಥಾಲಯದ ಒಂದು ಪತ್ರಿಕೆಯಲ್ಲಿ ಚೈನಿಲ್ಲದ ಸೈಕಲ್ಲಿನ ಚಿತ್ರ ನೋಡಿದೆ. ಚೈನಿನ ಜಾಗದಲ್ಲಿ ಹಲ್ಲುಗಳಿದ್ದ ಕಪ್ಪು ರಬ್ಬರ್ ಬೆಲ್ಟು. ಎಣ್ಣೆ ಬೇಡ, ತುಕ್ಕಿಲ್ಲ, ಸಪ್ಪಳವಿಲ್ಲ ಎಂದು ಬರೆದಿತ್ತು. ನೇಕಾರರ ಸೈಕಲ್ಲಿಗೆ ಅದಕ್ಕಿಂತ ಬೇರೇನು ಬೇಕು? ಚೈನಿನ ಒಂದು ಎಣ್ಣೆ ಚುಕ್ಕೆ ಸೆರಗಿಗೆ ಹತ್ತಿದರೆ ವಾರದ ದುಡಿಮೆ ಹೋಯಿತು. ಪ್ರಾಜೆಕ್ಟಿನ ಅರ್ಜಿಯಲ್ಲಿ ಇದನ್ನೇ ಬರೆದೆ. ಬರೆಯದೆ ಬಿಟ್ಟದ್ದು ಇನ್ನೊಂದಿತ್ತು. ರಬ್ಬರು ಬೆರಳು ಕತ್ತರಿಸುವುದಿಲ್ಲ ಎಂದು ನಾನು ನಂಬಿದ್ದೆ. ತಪ್ಪು ಚೈನಿನದು ಎಂದು ಸಾಬೀತಾದರೆ ನನ್ನದಲ್ಲ ಎಂದಾಗುತ್ತಿತ್ತು.

ಆ ವರ್ಷ ರಜೆಗೆ ಊರಿಗೆ ಹೋದಾಗ ಅವ್ವ ನನ್ನನ್ನು ಮಗ್ಗದ ಹತ್ತಿರ ಕರೆದಳು. ಅವಳ ಕಣ್ಣಿನಲ್ಲಿ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಂಡರೆ ತಿಂಗಳುಗಟ್ಟಲೆ ಮಗ್ಗ ನಿಲ್ಲುತ್ತದೆಂದು ಮುಂದೆ ಹಾಕುತ್ತ ಬಂದಿದ್ದಳು.

"ಈ ಒಂದ ವರ್ಷ, ತಂಗಿ. ಅದರ ಮ್ಯಾಲ ಒಂದ ತಿಂಗಳ ಸೈತ ಕೇಳಬ್ಯಾಡ. ಹರದ ಎಳಿ ಹುಡುಕೂದು ಆಗವಲ್ದು ನನಗ."

"ಈಗ ಮಾಡಿಸ್ಕೋ ಅವ್ವಾ. ನಾ ಒಂದ ವರ್ಷ ಬಿಡ್ತೇನಿ."

"ಬಿಟ್ಟೀ ಅಂದ್ರ ನಿಮ್ಮ ದೊಡ್ಡಪ್ಪ ಪೇಢೆ ಹಂಚ್ತಾನ. ಹೋಗು, ಓದು."

ಹೀಗೆ ನನಗೆ ಒಂದೇ ವರ್ಷ ಇತ್ತು. ಪ್ರಾಜೆಕ್ಟಿನಲ್ಲಿ ಫೇಲಾದರೆ ಅವ್ವನ ಕಣ್ಣಿನಿಂದ ಇನ್ನೊಂದು ವರ್ಷ ಕೇಳಿದ ಹಾಗೆ.

ಹಲ್ಲಿನ ಗಾಲಿಗಳನ್ನು ನರಗುಂದದ ಒಂದು ಲೇಥ್ ಅಂಗಡಿಯಲ್ಲಿ ಮಾಡಿಸಿದೆ. ಬೆಲ್ಟು ಹಳೆಯ ಕಾರಿನ ಇಂಜಿನ್ನಿನದು, ಗುಜರಿಯಲ್ಲಿ ಸಿಕ್ಕಿತು. ಸೈಕಲ್ ನಾನು ಎಂಟನೆಯ ತರಗತಿಯಲ್ಲಿದ್ದಾಗ ಸರಕಾರ ಕೊಟ್ಟದ್ದು. ಲೇಥಿನವರು ವಯಸ್ಸಾದವರು, ನನ್ನ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಚೈನಿಗೇನ ಧಾಡಿ ಆಗೇತೆವ್ವ?"

"ಎಣ್ಣಿ ಹತ್ತತೈತ್ರಿ."

"ಅದಕ್ಕ ಸೈಕಲ್ಲಿನ ಎಲುಬು ಕಡೀತಿಯೇನು?"

ಅವರು ಹೇಳಿದ್ದು ಖರೆ. ಚೈನನ್ನು ಒಂದು ಕೊಂಡಿಯಲ್ಲಿ ಬಿಚ್ಚಬಹುದು, ಚೌಕಟ್ಟಿನೊಳಗೆ ತೂರಿಸಿ ಮತ್ತೆ ಕೂಡಿಸಬಹುದು. ಬೆಲ್ಟಿಗೆ ತುದಿಯಿಲ್ಲ, ಬಿಚ್ಚಲು ಬರುವುದಿಲ್ಲ. ಅದನ್ನು ಒಳಗೆ ತೂರಿಸಬೇಕಾದರೆ ಹಿಂಗಾಲಿಯ ಹತ್ತಿರ ಚೌಕಟ್ಟನ್ನೇ ಕತ್ತರಿಸಬೇಕು. ಕತ್ತರಿಸಿದೆವು, ತಗಡು ಇಟ್ಟು ಬೋಲ್ಟು ಹಾಕಿದೆವು. ಹಲ್ಲಿನ ಎರಡು ಗಾಲಿಯೂ ಒಂದೇ ಗೆರೆಯಲ್ಲಿ ಇರಬೇಕಿತ್ತು. ಅಕ್ಕಿಕಾಳಿನಷ್ಟು ಆಚೀಚೆಯಾದರೂ ಬೆಲ್ಟು ಪಕ್ಕಕ್ಕೆ ಸರಿದು ಬೀಳುತ್ತಿತ್ತು. ಅಂಥ ತಪ್ಪನ್ನು ಚೈನು ಸಹಿಸಿಕೊಳ್ಳುತ್ತದೆ.

ಡಾಂಬರು ರಸ್ತೆಯ ಮೇಲೆ ಅದು ಓಡಿದ ಚಂದ ನಾನು ಮರೆಯುವುದಿಲ್ಲ. ಗಾಳಿಯ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಮೂರು ವಾರ ಓಡಿಸಿ ದಿನದಿನವೂ ಬರೆದಿಟ್ಟೆ.

ಆಮೇಲೆ ಮಳೆ ಬಂತು. ಅಬ್ಬಿಗೇರಿಯಿಂದ ಬೆಳವಣಕಿ ಕಡೆಗೆ ಹೊಲದ ದಾರಿ ಹಿಡಿದು ಹೊರಟೆ. ಆ ಎರೆಮಣ್ಣಿನಲ್ಲಿ ಓಡದ ಸೈಕಲ್ ನಮ್ಮ ಕಡೆ ಯಾರಿಗೂ ಬೇಡ. ಸ್ವಲ್ಪ ದೂರದಲ್ಲೇ ಬೆಲ್ಟಿನ ಹಲ್ಲುಗಳ ಸಂದಿಯಲ್ಲಿ ಮಣ್ಣು ತುಂಬಿ, ಒತ್ತಿ ಒತ್ತಿ ಗಟ್ಟಿಯಾಯಿತು. ಹಲ್ಲು ಗಾಲಿಗೆ ಕೂಡದೆ ಜಿಗಿಯತೊಡಗಿತು. ಚೈನಿನಲ್ಲಾದರೆ ಮಣ್ಣು ಕೊಂಡಿಗಳ ತೂತಿನಿಂದ ಆಚೆ ಬೀಳುತ್ತದೆ, ಕರಕರ ಎಂದರೂ ಗಾಡಿ ನಡೆಯುತ್ತದೆ. ಕಡ್ಡಿಯಿಂದ ಮಣ್ಣು ಕೆದರಿ ಮತ್ತೆ ತುಳಿದೆ. ಬೆಲ್ಟು ಹರಿಯಿತು. ಮೊಣಕಾಲುದ್ದ ಕೆಸರಿನಲ್ಲಿ ಸೈಕಲ್ ದಬ್ಬಿಕೊಂಡು ಊರು ಮುಟ್ಟಿದೆ. ಸೈಕಲ್ ರಿಪೇರಿಯವನು ಹರಿದ ಬೆಲ್ಟನ್ನು ಎತ್ತಿ ಹಿಡಿದು ನೋಡಿದ.

"ಚೈನ್ ಇದ್ದಿದ್ರ ಒಂದ ಕಡಿ ತಗದು ಕೂಡಿಸಿ ಕೊಡ್ತಿದ್ನೆವ್ವ. ಇದಕ್ಕೇನ ಮಾಡ್ಲಿ, ಸೂಜಿ ದಾರ ತರ್ಲೇನು?"

ಗುಜರಿಯಲ್ಲಿ ಇನ್ನೊಂದು ಬೆಲ್ಟು ಹುಡುಕಿ, ಸೈಕಲ್ಲನ್ನು ಗಜೇಂದ್ರಗಡದ ಮನೆಗೆ ತಂದು ಹಾಕಿದೆ. ಅಪ್ಪ ರೋಣದಿಂದ ಬಂದವನು ಅದನ್ನು ಅಂಗಳದಲ್ಲಿ ಬೋರಲು ನಿಲ್ಲಿಸಿದ. ಸುತ್ತ ಒಂದು ಸಲ ನಡೆದು ನೋಡಿದ. ಹಿತ್ತಲಿನಿಂದ ಒಂದು ಹಸಿ ಜೋಳದ ದಂಟು ಮುರಿದು ತಂದ. ಅವನಿಗೆ ನನ್ನ ಮನಸ್ಸಿನಲ್ಲಿದ್ದದ್ದು ಗೊತ್ತಾಗಿತ್ತು.

"ತಿರುಗಸು" ಎಂದ.

ನನ್ನ ಕೈ ಮುಂದಾಗಲಿಲ್ಲ. ಅಪ್ಪ ಕಾದ. ಕೊನೆಗೆ ತಿರುಗಿಸಿದೆ. ಬೆಲ್ಟು ಹಲ್ಲಿನ ಮೇಲೆ ಏರುವ ಜಾಗಕ್ಕೆ ಅವನು ದಂಟಿನ ತುದಿ ಹಿಡಿದ. ಬೆಲ್ಟು ಅದನ್ನು ಒಳಗೆ ಎಳೆದುಕೊಂಡಿತು. ನಾನು ಬೇಕೆಂದೇ ಕೂಡಲೇ ಕೈ ಬಿಟ್ಟೆ. ಆದರೂ ಗೇಣುದ್ದ ದಂಟು ಜಜ್ಜಿ ಚಪ್ಪಟೆಯಾಗಿತ್ತು, ರಸ ಗಾಲಿಯಿಂದ ಇಳಿಯುತ್ತಿತ್ತು.

"ಚೈನು ಕಡೀತೈತಿ, ಇದು ಅಗೀತೈತಿ" ಎಂದ ಅಪ್ಪ. "ಭಾಳ ಫರಕ ಇಲ್ಲ."

"ಅಪ್ಪಾ, ಆವತ್ತ ನಾ ನಿಲ್ಲಸಲಿಲ್ಲ."

"ನಿಲ್ಲಿಸಿದ್ರ ಬೈತಿದ್ದೆ." ದಂಟನ್ನು ಬೇಲಿಯಾಚೆ ಎಸೆದ. "ನೂಲಿನ ಮ್ಯಾಲ ಇಡೂ ಬೆರಳ ಕಬ್ಬಿಣದ ಮ್ಯಾಲ ಇಟ್ಟಾವ ನಾನು. ಇದನ್ನ ಇಷ್ಟ ವರ್ಷ ತಲಿಯಾಗ ಇಟ್ಕೊಂಡಿದ್ದಿ ಏನು? ಹುಚ್ಚಿ."

ಅಷ್ಟೇ ಮಾತು. ಕೈಕಾಲು ತೊಳೆಯಲು ಹೋದ. ನಾನು ಕತ್ತರಿಸಿದ ಸೈಕಲ್ಲಿನ ಮುಂದೆ ಕೂತೆ. ಹಗುರವಾಗಬೇಕಿತ್ತು, ಆಗಲಿಲ್ಲ. ತಪ್ಪನ್ನು ಚೈನಿನ ಮೇಲೆ ಹೊರಿಸಲು ಬರುತ್ತಿರಲಿಲ್ಲ, ಅಪ್ಪನ ಮೇಲೆ ಹೊರಿಸಲು ಮನಸ್ಸಿರಲಿಲ್ಲ.

ವರದಿ ಬರೆದೆ. ಡಾಂಬರಿನ ಮೇಲೆ ಬೆಲ್ಟು ಚಲೋ. ಎರೆಮಣ್ಣಿಗೆ ಅದು ಆಗದು, ದಾರಿಯಲ್ಲಿ ಕೈಕೊಟ್ಟರೆ ರಿಪೇರಿಯಿಲ್ಲ. ಬೆರಳಿಗೆ ಎರಡೂ ಒಂದೇ. ನಮ್ಮ ಊರುಗಳಿಗೆ ಚೈನೇ ಇರಲಿ, ಪೂರ್ತಿ ಮುಚ್ಚುವ ತಗಡಿರಲಿ. ಚೈನು ಕೂಡಿಸುವವನೇ ಪೆಡಲ್ ತಿರುಗಿಸಲಿ, ಇನ್ನೊಬ್ಬರ ಕೈಗೆ ಕೊಡಬಾರದು. ಕೊನೆಯ ಪುಟದಲ್ಲಿ ನಮ್ಮ ಅಂಗಳದಲ್ಲಿ ಆದದ್ದನ್ನು ಬರೆದೆ, ತಿರುಗಿಸಿದ ಕೈ ನನ್ನದೆಂದೂ ಬರೆದೆ.

ನನ್ನ ಗೈಡ್ ಸರ್ ಓದಿ ಕನ್ನಡಕ ತೆಗೆದರು.

"ಮೂರು ವಾರ ಚಂದ ಓಡಿದ್ದಷ್ಟ ಇಡು. ಮಳಿದು, ಬೆರಳಿಂದು ತಗದುಬಿಡು. ಪ್ರಾಜೆಕ್ಟ್ ಸೋತದ್ದನ್ನ ನೀನ ಬರಕೊಂಡು ಬಂದ್ರ ಹೊರಗಿಂದ ಬಂದ ಎಕ್ಸಾಮಿನರ್ ಪಾಸ್ ಹ್ಯಾಂಗ ಮಾಡ್ತಾರವ್ವ?"

"ಯಾರರ ಓದಿ ಮಾಡಿಸ್ಕೊಂಡ್ರ ಏನ್ರಿ ಸರ್? ಬೆಳವಣಕಿ ದಾರ್ಯಾಗ ನಿಂದರ್ತಾರ."

"ನಿನ್ನ ಪ್ರಾಜೆಕ್ಟ್ ಓದಿ ಯಾರೂ ಸೈಕಲ್ ಮಾಡ್ಸೂದಿಲ್ಲ. ಅದು ಕಪಾಟಿನ್ಯಾಗ ಧೂಳ ತಿಂತೈತಿ. ನಿನ್ನ ವರ್ಷ ನೋಡ್ಕೋ."

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಎರಡು ದಿನ ಆ ಪುಟಗಳನ್ನು ಕೀಳುವುದೋ ಇಡುವುದೋ ಎಂದು ಯೋಚಿಸಿದೆ. ಕಿತ್ತರೆ ಅವ್ವನ ಕಣ್ಣಿಗೆ ಒಳ್ಳೆಯದು. ಇಟ್ಟರೆ ನನ್ನ ಖರೆತನದ ಬೆಲೆಯನ್ನು ಅವಳು ತೆರಬೇಕು. ಕೊನೆಗೆ ಇಟ್ಟೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಅಪ್ಪ ನನಗೋಸ್ಕರ ಊರಿಗೆಲ್ಲ ಹೇಳಿದ ಒಂದು ಸುಳ್ಳಿನಲ್ಲಿ ಇಷ್ಟು ವರ್ಷ ಕಳೆದಿದ್ದೆ, ಇನ್ನೊಂದನ್ನು ಹೊರಲು ಆಗಲಿಲ್ಲ.

ವೈವಾ ದಿನ ಎಕ್ಸಾಮಿನರ್ ನೇರ ಕೊನೆಯ ಪುಟಕ್ಕೆ ಹೋದರು. ಕೇಳಿದ್ದು ಒಂದೇ ಪ್ರಶ್ನೆ.

"ಚೈನೂ ಅಲ್ಲ, ಬೆಲ್ಟೂ ಅಲ್ಲ ಅಂದ್ರ ತಪ್ಪು ಯಾವುದರದ್ದು?"

"ತಿರುಗಿಸೋ ಕೈ ಒಬ್ಬರದು, ಒಳಗಿರೋ ಬೆರಳು ಇನ್ನೊಬ್ಬರದು ಆಗಿದ್ದು ತಪ್ಪು ಸರ್."

ಅವರು ವರದಿ ಮುಚ್ಚಿಟ್ಟರು. ಆಮೇಲೆ "ಹೋಗ್ರಿ" ಎಂದರು. ಅವರು ಹಾಕಿದ್ದು ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ. ನಮ್ಮ ವರ್ಗದಲ್ಲಿ ಅದಕ್ಕಿಂತ ಕಡಿಮೆ ಯಾರಿಗೂ ಇರಲಿಲ್ಲ. ಆದರೆ ವರ್ಷ ಉಳಿಯಿತು.

ಸರ್ಟಿಫಿಕೇಟ್ ಕೈಗೆ ಬಂದ ದಿನ ಗದಗಿನಿಂದ ಬಸ್ಸು ಹತ್ತಿ ಮಧ್ಯಾಹ್ನ ಮನೆ ಮುಟ್ಟಿದೆ. ಅಪ್ಪ ಬಾಗಿಲಲ್ಲಿ ನಿಂತಿದ್ದ, "ಮೊದಲ ಅಕಿಗೆ ಕೊಡು" ಎಂದ. ಅವ್ವ ಮಗ್ಗದ ಕುಣಿಯಲ್ಲಿ ಕೂತಿದ್ದಳು. ನಾಳೆಯೇ ದವಾಖಾನೆಗೆ ಹೋಗೋಣ, ಇನ್ನು ಯಾವ ನೆವ ಹೇಳಬೇಡ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಸರ್ಟಿಫಿಕೇಟ್ ಅವಳ ಕೈಗಿಟ್ಟೆ. ಅವ್ವನಿಗೆ ಕನ್ನಡ ಓದಲು ಬರುತ್ತದೆ. ಕಾಗದವನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು, ಬಾಗಿಲಿನ ಬೆಳಕಿಗೆ ವಾಲಿಸಿದಳು. ಆಮೇಲೆ ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯಿಂದ ಸವರಿದಳು.

"ನಿನ್ನ ಹೆಸರ ಎಲ್ಲಿ ಬರದಾರ, ತಂಗಿ? ನನ್ನ ಬೆರಳ ಹಿಡದು ಅದರ ಮ್ಯಾಲ ಇಡು. ದೀಪಾವಳಿಗೇ ದವಾಖಾನಿಗೆ ಹೋಗಿ ಬಂದೀನಿ ನಾನು, ಭಾಳ ತಡಾ ಮಾಡಿ ಬಂದಿ, ಒಳಗಿನ ನರ ಹೋಗ್ಯಾವ ಅಂದ್ರು. ಬಣ್ಣ ಅಷ್ಟ ಕಾಣತಾವ, ಅಕ್ಷರ ಕಾಣೂದಿಲ್ಲ. ನೀ ಮುಗಸ್ಲಿ ಅಂತ ಹೇಳಿರಲಿಲ್ಲ."