ದೆವ್ವಕ್ಕೆ ಕೊಟ್ಟ ಅಳು

ಅಕ್ಕಾ, ಅವತ್ತು ಚನ್ನಗಿರಿಯ ಟಾಕೀಸಿನಲ್ಲಿ ದೆವ್ವದ ಬಾಯಿಂದ ಬಂದದ್ದು ನಿನ್ನ ದನಿಯೇ. ಅಲ್ಲವೆಂದು ನಾನು ಸುಳ್ಳು ಹೇಳಿದೆ.

ಎಪ್ಪತ್ತರ ದಶಕದ ಕೊನೆ. ಮದರಾಸಿನಲ್ಲಿ ಸಿನಿಮಾಗಳಿಗೆ ಸದ್ದು ಕೂಡಿಸುವವರ ಕೈಕೆಳಗಿದ್ದೆ. ಒದ್ದೆ ಗೋಣಿಚೀಲ ಒದರಿದರೆ ಬಾವಲಿ, ಸೌತೆಕಾಯಿ ಮುರಿದರೆ ಮೂಳೆ — ಅಂಥ ಕಸುಬು. ಆ ದೆವ್ವದ ಚಿತ್ರಕ್ಕೆ ಎಲ್ಲ ಸದ್ದೂ ಸಿಕ್ಕಿತ್ತು, ಅಳು ಮಾತ್ರ ಸಿಕ್ಕಿರಲಿಲ್ಲ. ನಟಿಯರು ಬಂದು ಅತ್ತು ಹೋದರು, ಯಾರಿಗೂ ಹೆದರಿಕೆಯಾಗಲಿಲ್ಲ.

ಅಷ್ಟರಲ್ಲಿ ನಿನ್ನ ಮಗಳು ಸರೋಜಿ ಜ್ವರದಲ್ಲಿ ಹೋದಳೆಂದು ತಂತಿ ಬಂತು. ಏಳು ವರ್ಷದ ಕೂಸು. ನಾನು ನಿನ್ನೂರು ನ್ಯಾಮತಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ದೂರದ ನೆಂಟರು ಬಂದಾಗಲೆಲ್ಲ ಹೊಸದಾಗಿ ಹಾಡಿಕೊಂಡು ಅಳುವುದು ನಮ್ಮ ಕಡೆಯ ರೂಢಿ — ಅದು ನನಗೆ ಗೊತ್ತಿತ್ತು. ಹೊಸಿಲ ಹತ್ತಿರ ಚೀಲದೊಳಗೆ ಕೈಹಾಕಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದೆ. ನೀನು ಓಡಿಬಂದು ನನ್ನ ಹೆಗಲ ಮೇಲೆ ಬಿದ್ದೆ.

"ಮಾವ ಬಂದಾನೆ, ಏಳೇ ನನ್ನವ್ವಾ..."

ಮದರಾಸಿಗೆ ಮರಳಿ ಆ ಟೇಪಿನಿಂದ ಮಾತೆಲ್ಲ ಕತ್ತರಿಸಿದೆ. ಎಳೆದ ದನಿ, ನಡುವಿನ ಉಸಿರು, ಅಷ್ಟನ್ನೇ ಉಳಿಸಿ ದೆವ್ವಕ್ಕೆ ಕೊಟ್ಟೆ.

ಮರುವರ್ಷ ಚಿತ್ರ ಚನ್ನಗಿರಿಗೆ ಬಂತು. ನನ್ನ ಹೆಮ್ಮೆ ನೋಡು — ನಿನ್ನನ್ನೇ ಮ್ಯಾಟಿನಿಗೆ ಕರೆದುಕೊಂಡು ಹೋದೆ! ಮಾತು ತೆಗೆದಮೇಲೆ ಗುರುತು ಸಿಗದು ಅಂದುಕೊಂಡಿದ್ದೆ, ಮೂರ್ಖ. ಚಿತ್ರವೇನೋ ಈಗಲೂ ಮೆಚ್ಚುವಂಥದ್ದೇ. ದೆವ್ವ ಕಾಣುವುದೇ ಇಲ್ಲ. ಖಾಲಿ ಮನೆ, ತೊಟ್ಟಿಕ್ಕುವ ನೀರು, ಬಹಳ ಹೊತ್ತು ಏನೂ ಇಲ್ಲ — ಆಮೇಲೆ ಆ ಅಳು. ಜನ ಕಿರುಚಿದರು, ಆಮೇಲೆ ಸಿಳ್ಳೆ ಹೊಡೆದು ನಕ್ಕರು. ನಿನ್ನ ತಣ್ಣಗಿನ ಕೈ ನನ್ನ ತೋಳು ಹಿಡಿಯಿತು.

"ತಮ್ಮಾ, ಅದು ನಾನು ಅತ್ತಿದ್ದಲ್ಲೇನೋ?"

"ನಿಂಗೆ ಹುಚ್ಚೇನಕ್ಕಾ? ಮದ್ರಾಸಿನ ಯಾವಳೋ ಅತ್ತಿದ್ದು ಅದು."

ನೀನು ನಂಬಿದೆ. ನಿನ್ನ ಅಳು ದೆವ್ವದ ಅಳುವಿನ ಹಾಗಿದೆ ಎಂದೂ ನಂಬಿಬಿಟ್ಟೆ.

ಎಂಬತ್ತರ ದಶಕದ ನಡುವೆ ಭಾವ ತೀರಿಕೊಂಡರು. ನೀನು ಹಾಡಿಕೊಂಡು ಅಳುತ್ತೀ ಎಂದು ಹೆಂಗಸರು ಕಾದರು. ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದೆ ನೀನು. ಕಲ್ಲೆದೆಯವಳು ಎಂದು ಕೇರಿ ಆಡಿಕೊಂಡಿತು. ಅತ್ತುಬಿಡಕ್ಕಾ, ಎಂದೆ ನಾನು.

"ಬ್ಯಾಡಪ್ಪಾ. ಹುಡುಗ್ರು ಹೆದರ್ಕಂತಾವೆ."

ಆಗಲಾದರೂ ಹೇಳಬೇಕಿತ್ತು... ಹೇಳಲಿಲ್ಲ.

ನಿನಗೆ ಓದು ಬಾರದು. ಈ ಕಾಗದ ಅಂಚೆಗೆ ಹಾಕಿದರೆ ಪಕ್ಕದ ಮನೆಯವರು ಓದಿ ಹೇಳುತ್ತಾರೆ, ನಾನು ಮುಖ ತೋರಿಸದೆ ಪಾರಾಗುತ್ತೇನೆ. ಹಾಗೆ ಮಾಡುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಬಂದು ನಿನ್ನೆದುರು ಕೂತು ನಾನೇ ಓದುತ್ತೇನೆ. ನೀನು ಹೊರಗೆ ಹಾಕಿದರೆ, ಕೇರಿಯವರೆಲ್ಲ ಕೇಳುವಂತೆ ಬಾಗಿಲಾಚೆ ನಿಂತು ಓದುತ್ತೇನೆ.